ಹನ್ನೆರಡು ಎಣಿಸುವಷ್ಟರಲ್ಲಿ

ನಮ್ಮೂರಿನಲ್ಲಿ ಸ್ವಿಚ್ಚು ಒತ್ತಿದ ಮೇಲೆ ಹನ್ನೆರಡು ಎಣಿಸಬೇಕು, ಆಮೇಲೆ ಬೆಳಕು ಬರುತ್ತದೆ. ಆರಿಸಿದರೂ ಅಷ್ಟೇ, ಹನ್ನೆರಡು ಎಣಿಸುವವರೆಗೂ ಇದ್ದು ಆಮೇಲೆ ಹೋಗುತ್ತದೆ. ಸೂರ್ಯನಿಗೆ ಈ ಕಟ್ಟುಪಾಡಿಲ್ಲ. ಟಿವಿ, ಮೊಬೈಲಿನ ಪರದೆಗಳಿಗೂ ಇಲ್ಲ. ಮನುಷ್ಯರ ಮೇಲೆ ಬೀಳಲೆಂದು ಹಚ್ಚಿದ ದೀಪ ಮಾತ್ರ ತಡಮಾಡಿ ಬರುತ್ತದೆ. ನಮಗೆ ಇದು ಅಭ್ಯಾಸವಾಗಿದೆ. ಅಡುಗೆಮನೆಯ ದೀಪದ ಸ್ವಿಚ್ಚನ್ನು ನಡುಮನೆಯಲ್ಲಿ ಹಾಕಿಸಿಕೊಂಡಿದ್ದೇವೆ, ಒತ್ತಿ ನಡೆದು ಹೋಗುವಷ್ಟರಲ್ಲಿ ಅಲ್ಲಿ ಬೆಳಕಾಗಿರುತ್ತದೆ. ಮದುವೆಮನೆಯಲ್ಲಿ ಫೋಟೋದವನು ಗುಂಡಿ ಒತ್ತಿದ ಮೇಲೆ ಫ್ಲಾಶ್ ಬೀಳುವವರೆಗೂ ಹೆಣ್ಣುಗಂಡು ಇಬ್ಬರೂ ಹಾಗೇ ನಗುತ್ತ ನಿಂತಿರುತ್ತಾರೆ. ಬೇರೆ ಊರಿಗೆ ಮದುವೆಯಾಗಿ ಹೋದ ನಮ್ಮ ಹುಡುಗಿಯರು ಫೋಟೋಗಳಲ್ಲಿ ಮಿಕ್ಕವರಿಗಿಂತ ಹೆಚ್ಚು ತಾಳ್ಮೆಯಿಂದ ಇರುವಂತೆ ಕಾಣುವುದು ಇದೇ ಕಾರಣಕ್ಕೆ.

ನಾನು ವನಮಾಲ. ಹಗಲು ಹೊತ್ತು ನಮ್ಮಪ್ಪ ಬಿಟ್ಟುಹೋದ ಅಂಗಡಿಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುತ್ತೇನೆ. ನಾಟಕವಿದ್ದಾಗ ಊರಿನ ರಂಗಮಂದಿರದಲ್ಲಿ ದೀಪ ನೋಡಿಕೊಳ್ಳುತ್ತೇನೆ. ಇಪ್ಪತ್ತೆರಡು ವರ್ಷದಿಂದ ಈ ಕೆಲಸ. ಮೊದಲು ನಮ್ಮಲ್ಲಿ ಇದ್ದದ್ದು ಹದಿನಾರು ಹಿಡಿಗಳ ಹಳೆಯ ಬೋರ್ಡು. ನಟ ಹೊಸಿಲಿಗೆ ಬಂದು ನಿಂತಾಗ ಅವನ ಮುಖದ ಮೇಲೆ ಬೆಳಕಿರಬೇಕೆಂದರೆ ಅವನು ಇನ್ನೂ ಬಾವಿಯ ಹತ್ತಿರ ಇರುವಾಗಲೇ ನಾನು ಹಿಡಿ ಎತ್ತಬೇಕು. ಮಾತು ಕೇಳಿ ಎತ್ತಿದರೆ ಆಗಲೇ ಹೊತ್ತು ಮೀರಿರುತ್ತದೆ. ಆದ್ದರಿಂದ ನಾನು ಮಾತನ್ನಲ್ಲ, ಮಾತಿನ ಮುಂಚಿನದನ್ನು ನೋಡುವುದನ್ನು ಕಲಿತೆ. ಒಬ್ಬರು ತಿರುಗುವ ಮುನ್ನ ಎಡಗಾಲಿಗೆ ಭಾರ ಬಿಡುತ್ತಾರೆ, ಇನ್ನೊಬ್ಬರು ಕೂಗುವ ಮುನ್ನ ಎರಡು ಸಾಲು ಮೆತ್ತಗಾಗುತ್ತಾರೆ.

ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತಿದ್ದದ್ದು ಅಂಬುಜಾಕ್ಷಿಯವರು. ಊರಿಗೆಲ್ಲ ಅಂಬುಜಕ್ಕ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹೊಲಿಗೆ ಟೀಚರಾಗಿದ್ದು ನಿವೃತ್ತರಾದವರು, ಮದುವೆಯಾಗಲಿಲ್ಲ, ತಂಗಿಯ ಮನೆಯ ಮಹಡಿಯಲ್ಲಿ ಇರುತ್ತಾರೆ. ವಯಸ್ಸು ಎಪ್ಪತ್ತೊಂದು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಅವರು ಕತ್ತಲಲ್ಲಿ ನಿಂತದ್ದಿಲ್ಲ, ನಾನು ನಿಲ್ಲಿಸಿದ್ದಿಲ್ಲ. ಹಾಗಂತ ನಾವಿಬ್ಬರೂ ಜೀವದ ಗೆಳತಿಯರೇನಲ್ಲ. ನಾಟಕ ಮುಗಿದ ಮೇಲೆ ಅವರು ಬಣ್ಣ ಒರೆಸಿಕೊಂಡು, "ಬರ್ತೀನಿ ಕಣೆ" ಅನ್ನುತ್ತಿದ್ದರು, ನಾನು "ಹ್ಞೂಂ ಅಕ್ಕ" ಅನ್ನುತ್ತಿದ್ದೆ. ಅಷ್ಟೇ ನಮ್ಮ ಸಂಬಂಧ.

ಹೋದ ವರ್ಷ ರಂಗಮಂದಿರದ ಚಾವಣಿ ರಿಪೇರಿಯಾಗಿ ಹೊಸ ದೀಪಗಳು ಬಂದವು. ಜೊತೆಗೆ ಹಳೆಯ ಬೋರ್ಡಿನ ಜಾಗಕ್ಕೆ ಹೊಸ ಕನ್ಸೋಲ್, ಲ್ಯಾಪ್‌ಟಾಪು, ಅದರೊಳಗೆ ದೀಪದ ವಿನ್ಯಾಸ ಮಾಡುವ ಸಾಫ್ಟ್‌ವೇರು. ಅವನ್ನೆಲ್ಲ ತಂದು ನಾಟಕವನ್ನೂ ಮಾಡಿಸಲು ದೊಡ್ಡ ಊರಿನಿಂದ ಕೀರ್ತಿರಾಜ ಎಂಬ ನಿರ್ದೇಶಕರು ಬಂದರು. ಮೂವತ್ತೈದರ ಆಸುಪಾಸು, ಸಣ್ಣ ದನಿ, ಯಾವಾಗಲೂ ಕುತ್ತಿಗೆಯಲ್ಲೊಂದು ಪೆನ್ನು. ಬಂದ ಮೊದಲ ದಿನ ಲಾಡ್ಜಿನ ರೂಮಿನಲ್ಲಿ ದೀಪ ಹತ್ತಲಿಲ್ಲವೆಂದು ಪ್ರತಿ ಸಲ ಕೂಡಲೇ ಸ್ವಿಚ್ಚು ಆರಿಸಿ ಮೂರು ಬಲ್ಬು ಬದಲಾಯಿಸಿ, ಮ್ಯಾನೇಜರನ್ನು ಕರೆದು ಬೈದು, ಅವನು ಬಂದು ಬಾಗಿಲಲ್ಲಿ ನಿಲ್ಲುವಷ್ಟರಲ್ಲಿ ಬೆಳಕು ಬಂದು ಅವರಿಗೆ ನಾಚಿಕೆಯಾಯಿತಂತೆ. ಮಾರನೆಯ ದಿನ ಅವರೇ ಇದನ್ನು ನಮಗೆಲ್ಲ ಹೇಳಿ ನಕ್ಕರು. ನನಗೆ ಆವತ್ತೇ ಅವರು ಇಷ್ಟವಾದರು.

ಸಾಫ್ಟ್‌ವೇರನ್ನು ಅವರು ನನಗೆ ತಾಳ್ಮೆಯಿಂದ ಕಲಿಸಿದರು. ಪರದೆಯ ಮೇಲೆ ನಮ್ಮದೇ ರಂಗಮಂದಿರ, ಅಂಗೈಯಷ್ಟು ದೊಡ್ಡದು. ಅದೇ ಹೊಸಿಲು, ಅದೇ ಮೆಟ್ಟಿಲು, ಮೇಲೆ ಸಾಲಾಗಿ ಕಟ್ಟಿದ ದೀಪಗಳು. ಯಾವ ದೀಪಕ್ಕೆ ಯಾವ ನಂಬರು ಎಂದು ಕೂಡಿಸುವುದು, ಒಂದು ದೃಶ್ಯದ ಬೆಳಕನ್ನು ಕಟ್ಟಿ ಅದಕ್ಕೊಂದು ಕ್ಯೂ ಎಂದು ನಂಬರು ಕೊಟ್ಟು ಇಟ್ಟುಕೊಳ್ಳುವುದು, ಆಮೇಲೆ 'ಗೋ' ಎಂಬ ಗುಂಡಿ ಒತ್ತುತ್ತ ಹೋದರೆ ಒಂದರ ಹಿಂದೊಂದು ಕ್ಯೂ ತಾನಾಗಿ ಬರುವುದು.

"ಇದನ್ನ ಒತ್ತಿ ನೋಡಿ ಮೇಡಂ," ಎಂದರು.

ಒತ್ತಿದೆ. ಪರದೆಯ ಮೇಲಿನ ಪುಟ್ಟ ಹೊಸಿಲಿಗೆ ಬೆಳಕು ಬಿತ್ತು. ನಾನು ಒತ್ತಿದ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ನಲವತ್ತಾರು ವರ್ಷದ ನನ್ನ ಬದುಕಿನಲ್ಲಿ ಕರೆದ ಕೂಡಲೇ ಬಂದ ದೀಪದ ಬೆಳಕು ನೋಡಿದ್ದು ಅದೇ ಮೊದಲು. ಮತ್ತೆ ಮತ್ತೆ ಒತ್ತಿದೆ. ಏಳನೆಯ ಸಲವೋ ಎಂಟನೆಯ ಸಲವೋ ಒತ್ತಿದಾಗ ನನ್ನ ಕಣ್ಣು ತುಂಬಿದ್ದನ್ನು ಕೀರ್ತಿರಾಜರು ಕಂಡರೆಂದು ಕಾಣುತ್ತದೆ, ಎದ್ದು ಹೋಗಿ ಕಾಫಿ ತಂದರು.

ನಾಟಕದ ಹೆಸರು 'ಎತ್ತಿಕೊಂಡವಳು'. ಒಬ್ಬ ಮುದುಕಿ ಸೂಲಗಿತ್ತಿಯನ್ನು ಕೋರ್ಟಿಗೆ ಕರೆಸುತ್ತಾರೆ, ಒಂದು ಮಗು ಯಾರದೆಂದು ಹೇಳಲು. ಅವಳು ನೇರ ಹೇಳುವುದಿಲ್ಲ. ತಾನು ಮಾಡಿಸಿದ ಏಳು ಹೆರಿಗೆಗಳ ಕಥೆ ಹೇಳುತ್ತಾಳೆ, ಕೊನೆಯದು ಕೋರ್ಟಿಗೆ ಬೇಕಾದದ್ದು. ಒಂದೊಂದು ಹೆರಿಗೆ ಒಂದೊಂದು ಜಾಗದಲ್ಲಿ ಆದದ್ದು: ಹೊಸಿಲು, ಕೆರೆಯ ಮೆಟ್ಟಿಲು, ಎತ್ತಿನ ಗಾಡಿ, ದನದ ಕೊಟ್ಟಿಗೆ, ಶಾಲೆಯ ಜಗಲಿ, ಸಂತೆಕಟ್ಟೆ, ಕೊನೆಗೆ ಒಂದು ಒಲೆಯ ಮುಂದೆ. ರಂಗದ ಮೇಲೆ ಏಳು ಜಾಗ, ಏಳು ಬೆಳಕು. ಮುಕ್ಕಾಲು ನಾಟಕ ಅಂಬುಜಕ್ಕ ಒಬ್ಬರೇ ಮಾತಾಡುತ್ತ ಜಾಗದಿಂದ ಜಾಗಕ್ಕೆ ಹೋಗಬೇಕು. ವಕೀಲನ ಪಾತ್ರದವನೂ, ತಾಯಂದಿರ ಪಾತ್ರಗಳನ್ನೆಲ್ಲ ಮಾಡುವ ಮಂದಾಕಿನಿಯೂ ಆಗಾಗ ಬಂದು ಹೋಗುವವರು.

ರಿಹರ್ಸಲ್ಲಿನ ಎರಡನೆಯ ವಾರ, ಅಂಬುಜಕ್ಕ ಕೆರೆಯ ಮೆಟ್ಟಿಲಿನ ಹೆರಿಗೆ ಮುಗಿಸಿದರು. ಮುಂದೆ ಗಾಡಿ. ನಾನು ಆಗಲೇ ಗಾಡಿಯ ಕ್ಯೂ ಒತ್ತಿಯಾಗಿತ್ತು. ಅವರು ಗಾಡಿಯನ್ನು ದಾಟಿ ಶಾಲೆಯ ಜಗಲಿಗೆ ಹೋಗಿ ನಿಂತು, ಅಲ್ಲಿನ ಮಾತು ಶುರುಮಾಡಿದರು. ಬೆಳಕು ಖಾಲಿ ಗಾಡಿಯ ಮೇಲೆ ಬಿತ್ತು. ಕತ್ತಲಲ್ಲಿ ಅವರ ದನಿ ಮಾತ್ರ ಕೇಳುತ್ತಿತ್ತು.

"ಏನಾಯ್ತು?" ಎಂದು ಕೀರ್ತಿರಾಜರು ಎದ್ದರು.

"ನಾನೇ ಸರ್, ತಪ್ಪು ಕ್ಯೂ ಒತ್ಬಿಟ್ಟೆ," ಎಂದೆ. ಯಾಕೆ ಹಾಗೆ ಹೇಳಿದೆನೆಂದು ಈಗ ಕೇಳಿದರೂ ನನಗೆ ಗೊತ್ತಿಲ್ಲ. ಬಾಯಿಗೆ ಅದೇ ಬಂತು. ಅಂಬುಜಕ್ಕ ಕತ್ತಲಿನಿಂದ ನನ್ನ ಕಡೆ ತಿರುಗಿದ್ದು ಗೊತ್ತಾಯಿತು.

ಆ ವಾರದಲ್ಲಿ ಇನ್ನೂ ಎರಡು ಸಲ ಹಾಗಾಯಿತು. ಎರಡು ಸಲವೂ ತಪ್ಪು ನನ್ನದೆಂದೆ. ಮೂರನೆಯ ಸಲ ಕೀರ್ತಿರಾಜರು ನನ್ನ ಪಕ್ಕ ಬಂದು ಕುಳಿತು, ಬೇಸರವಾಗದ ಹಾಗೆ ಹುಡುಕಿ ಹುಡುಕಿ ಮಾತಾಡಿದರು. "ಹೊಸ ಬೋರ್ಡು, ಗುಂಡಿಗಳು ಜಾಸ್ತಿ, ಗೊಂದಲ ಆಗೋದು ಸಹಜ ಮೇಡಂ. ಒಂದ್ ಕೆಲಸ ಮಾಡೋಣ. ಎಲ್ಲ ಕ್ಯೂನೂ ಗಡಿಯಾರಕ್ಕೆ ಕಟ್ಬಿಡ್ತೀನಿ. ಹನ್ನೆರಡು ಕಳೆದು ಟೈಮು ಹಾಕಿದ್ರೆ ಬೆಳಕು ತಾನೇ ಸರಿಯಾದ ಹೊತ್ತಿಗೆ ಬರುತ್ತೆ. ನೀವು ಸುಮ್ನೆ ನೋಡ್ಕೊಂಡಿದ್ರೆ ಸಾಕು."

ನನ್ನ ಕೈಗೆ ಇನ್ನು ಕೆಲಸವಿರಲಿಲ್ಲ. ಆದರೂ "ಆಗ್ಲಿ ಸರ್" ಎಂದೆ.

ಮಾರನೆಯ ದಿನ ಮಧ್ಯಾಹ್ನ ಅಂಬುಜಕ್ಕ ನನ್ನ ಅಂಗಡಿಗೆ ಬಂದರು. ಹಿಂದೆ ಯಾವತ್ತೂ ಬಂದವರಲ್ಲ. ಕೈಯಲ್ಲಿ ಸ್ಟೀಲಿನ ಡಬ್ಬಿ, ಅದರಲ್ಲಿ ಅವಲಕ್ಕಿ. ಬಿಚ್ಚಿಹಾಕಿದ ಮೋಟಾರುಗಳ ನಡುವೆ ಜಾಗ ಮಾಡಿಕೊಂಡು ಸ್ಟೂಲಿನ ಮೇಲೆ ಕುಳಿತರು.

"ಯಾಕೆ ಹಾಗೆ ಹೇಳ್ದೆ?" ಎಂದರು.

"ಏನಕ್ಕ?"

"ನಾಟಕ ಆಡ್ಬೇಡ. ಅದು ನನ್ನ ಕೆಲಸ."

ನಾನು ಕೈಯಲ್ಲಿದ್ದ ತಂತಿಯ ಉಂಡೆ ಕೆಳಗಿಟ್ಟೆ.

"ಮಾತೆಲ್ಲ ಇದಾವೆ ಕಣೆ," ಎಂದರು ಅವರು, ಹಣೆಗೆ ಬೆರಳಿಟ್ಟು. "ಒಂದೂ ಹೋಗಿಲ್ಲ. ಯಾವುದರ ಹಿಂದೆ ಯಾವುದು ಅನ್ನೋದು ಹೋಗಿದೆ. ಬೀರುವಿಂದ ಸೀರೆ ಎಲ್ಲ ತೆಗೆದು ಮಂಚದ ಮೇಲೆ ಸುರಿದ ಹಾಗೆ. ಕೈಗೆ ಸಿಕ್ಕಿದ್ದು ಉಟ್ಕೊಂಡು ಬರ್ತೀನಿ. ಮನೇಲೂ ಹಾಗೇ. ಮೊನ್ನೆ ಮೊದ್ಲು ಒಗ್ಗರಣೆ ಹಾಕ್ಬಿಟ್ಟು ಆಮೇಲೆ ಬೇಳೆ ತೊಳ್ಯಕ್ಕೆ ಕೂತಿದ್ದೆ."

"ಡಾಕ್ಟ್ರಿಗೆ ತೋರಿಸಿದ್ರಾ?"

"ತೋರಿಸ್ದೆ. ಅವರು ಕೊಟ್ಟಿರೋ ಹೆಸರು ಹೇಳಲ್ಲ ನಾನು. ತಂಗಿಗೂ ಹೇಳಿಲ್ಲ." ಡಬ್ಬಿಯ ಮುಚ್ಚಳ ತೆಗೆಯುತ್ತ ಅಂದರು, "ಇದೊಂದು ನಾಟಕ. ಇದೊಂದು ಮುಗಿಸ್ತೀನಿ. ಆ ಹುಡುಗನಿಗೆ ಹೇಳ್ಬೇಡ. ಆದ್ರೆ ನನ್ನ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೋಬೇಡ. ಅದು ನಂಗೆ ಸೇರಲ್ಲ."

ಎರಡೂ ಹೇಗಾಗುತ್ತದೆಂದು ನಾನು ಕೇಳಲಿಲ್ಲ. ಅವಲಕ್ಕಿ ತಿಂದೆವು. ಒಗ್ಗರಣೆ ಸರಿಯಾಗೇ ಇತ್ತು.

ಆ ಶುಕ್ರವಾರ ಮೊದಲ ಸಲ ಗಡಿಯಾರಕ್ಕೆ ಕಟ್ಟಿದ ಕ್ಯೂಗಳೊಂದಿಗೆ ರಿಹರ್ಸಲ್ ನಡೆಯಿತು. ಕನ್ಸೋಲ್ ತಾನೇ ಓಡುತ್ತಿತ್ತು, ಪರದೆಯ ಮೇಲೆ ಸೆಕೆಂಡುಗಳು ಉರುಳುತ್ತಿದ್ದವು, ನಾನು ಕೈ ಮಡಚಿ ಕುಳಿತಿದ್ದೆ. ನಾಲ್ಕನೆಯ ಹೆರಿಗೆಗೆ ಅಂಬುಜಕ್ಕ ಕೊಟ್ಟಿಗೆಗೆ ಹೋಗಬೇಕು. ಹೋಗಲಿಲ್ಲ. ಕತ್ತಲಲ್ಲಿ ಅವರ ಹೆಜ್ಜೆಯ ಸದ್ದು ಮುಂದಕ್ಕೆ ಬಂತು, ಇನ್ನೂ ಮುಂದಕ್ಕೆ. ಮುಂದಿರುವುದು ರಂಗದ ಅಂಚು, ಅದರ ಕೆಳಗೆ ಹಾರ್ಮೋನಿಯಂ ತಬಲಾದವರು ಕೂರುವ ಆಳೆತ್ತರದ ತಗ್ಗು. ನಾನು "ಅಕ್ಕಾ, ನಿಲ್ಲಿ!" ಎಂದು ಕಿರುಚಿದೆ. ಎಲ್ಲ ದೀಪಗಳನ್ನೂ ಏರಿಸುವ ಫೇಡರ್ ಹಿಡಿಗಳನ್ನು ಒಟ್ಟಿಗೆ ಮೇಲಕ್ಕೆ ತಳ್ಳಿದೆ. ತಳ್ಳಿ ಏನು ಪ್ರಯೋಜನ? ಹನ್ನೆರಡು ಎಣಿಸಬೇಕು. ಅಂಥ ಹನ್ನೆರಡನ್ನು ನಾನು ಜನ್ಮದಲ್ಲಿ ಎಣಿಸಿದ್ದಿಲ್ಲ. ಬೆಳಕು ಬಂದಾಗ ಅಂಬುಜಕ್ಕನ ಬಲಗಾಲಿನ ಬೆರಳುಗಳು ಅಂಚಿನಿಂದಾಚೆ ಇದ್ದವು. ಅವರು ಎರಡೂ ತೋಳನ್ನು ಮುಂದೆ ಚಾಚಿಕೊಂಡು, ಮಗುವನ್ನು ಎತ್ತಿಕೊಳ್ಳುವವರ ಹಾಗೆ ನಿಂತಿದ್ದರು.

ಆವತ್ತು ನಾನು ಕೀರ್ತಿರಾಜರಿಗೆ ಎಲ್ಲವನ್ನೂ ಹೇಳಿದೆ. ಅಂಬುಜಕ್ಕ ಅಲ್ಲೇ ಇದ್ದರು, ಅವರ ಮುಂದೆಯೇ ಹೇಳಿದೆ. ಬೆನ್ನ ಹಿಂದೆ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ.

ಅಂಬುಜಕ್ಕ ಕೋಪಗೊಂಡರೆಂದರೆ ಕಡಿಮೆಯಾಯಿತು. ಬಣ್ಣವಿಲ್ಲದ ಮುಖ ಬಿಳಿಚಿಕೊಂಡಿತು. "ಇಪ್ಪತ್ತೆರಡು ವರ್ಷ ನನ್ನ ಮುಖಕ್ಕೆ ಬೆಳಕು ಹಾಕ್ದೋಳು ನೀನು," ಎಂದರು. "ಇವತ್ತು ಹಾಕಿದ್ದು ಬೇರೆ ಥರ." ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಚಪ್ಪಲಿಗಳು ಅದಲುಬದಲಾಗಿದ್ದವು. ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

ನಾಲ್ಕು ದಿನ ಅವರು ಬರಲಿಲ್ಲ. ಕೀರ್ತಿರಾಜರು ಮಂದಾಕಿನಿಗೆ ಸೂಲಗಿತ್ತಿಯ ಮಾತು ಕೊಟ್ಟರು. ಮಂದಾಕಿನಿ ಒಳ್ಳೆಯ ನಟಿ, ಮೂವತ್ತರ ಹೆಂಗಸು, ಒಂದು ಅಕ್ಷರ ತಪ್ಪದೆ ಹೇಳುತ್ತಾಳೆ, ಗಡಿಯಾರವೇ ಅವಳನ್ನು ನೋಡಿ ನಡೆಯಬೇಕು, ಹಾಗೆ. ಆದರೆ ಎರಡನೆಯ ದಿನ ನಡುವೆ ನಿಂತು, "ಸರ್, ಅವರ ಮಾತು ನನ್ನ ಬಾಯಲ್ಲಿ ಕದ್ದ ಹಾಗಿದೆ," ಎಂದು ಕುಳಿತುಬಿಟ್ಟಳು.

ನಾನು ಮಧ್ಯಾಹ್ನಗಳಲ್ಲಿ ಅಂಗಡಿ ಮುಚ್ಚಿ ಖಾಲಿ ರಂಗಮಂದಿರಕ್ಕೆ ಹೋಗಿ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದೆ. ಒಂದರ ಹಿಂದೊಂದು ಬರುವ ಕ್ಯೂಗಳ ಪಟ್ಟಿಯನ್ನು ಎಷ್ಟೋ ಹೊತ್ತು ನೋಡಿದೆ. ಒಂದು, ಎರಡು, ಮೂರು. ಅಂಬುಜಕ್ಕನಿಂದ ಹೋಗಿದ್ದದ್ದು ಈ ಪಟ್ಟಿ ಮಾತ್ರ. ಹೆರಿಗೆಗಳೆಲ್ಲ ಅವರ ಹತ್ತಿರವೇ ಇದ್ದವು. ಹಾಗಿದ್ದ ಮೇಲೆ ನನಗೇಕೆ ಪಟ್ಟಿ ಬೇಕು? ಪಟ್ಟಿಯನ್ನು ಬಿಚ್ಚಿದೆ. ಏಳು ಜಾಗದ ಬೆಳಕನ್ನೂ ಏಳು ಬೇರೆ ಬೇರೆ ಗುಂಡಿಗಳಿಗೆ ಹಾಕಿದೆ, ಯಾವುದನ್ನು ಯಾವಾಗ ಬೇಕಾದರೂ ಒತ್ತುವ ಹಾಗೆ. ರಂಗದ ಅಂಚಿನುದ್ದಕ್ಕೂ ಒಂದು ಮಂದ ನೀಲಿ ಬೆಳಕನ್ನು ಆರದಂತೆ ಇಟ್ಟೆ. ಇಷ್ಟು ಮಾತ್ರ ಸುಲಭವಾಗಿ ಆಯಿತು. ಆಗದೆ ಉಳಿದದ್ದು ಒಂದೇ, ಅವರು ಎಲ್ಲಿಗೆ ಹೋಗುತ್ತಾರೆಂದು ಹನ್ನೆರಡು ಎಣಿಕೆಯ ಮುಂಚೆ ನನಗೆ ಹೇಗೆ ಗೊತ್ತಾಗಬೇಕು? ಅವರಿಗೇ ಗೊತ್ತಿರುವುದಿಲ್ಲವಲ್ಲ.

ಕೀರ್ತಿರಾಜರು ಹಿಂದೆ ಬಂದು ನಿಂತದ್ದು ನನಗೆ ತಿಳಿಯಲಿಲ್ಲ. ಪರದೆಯನ್ನು ಬಹಳ ಹೊತ್ತು ನೋಡಿದರು.

"ಇದು ಓಡುತ್ತಾ ಮೇಡಂ?"

"ಗೊತ್ತಿಲ್ಲ ಸರ್. ಅವರ ಜೊತೆ ಕೂತು ನೋಡ್ಬೇಕು. ಅವರು ಬಂದ್ರೆ."

"ಏಳನೇ ಹೆರಿಗೆ ಮೊದಲೇ ಹೇಳ್ಬಿಟ್ರೆ? ಸತ್ಯ ಅಲ್ಲಿರೋದು. ಅಲ್ಲಿಗೆ ನಾಟಕ ಮುಗಿದ ಹಾಗೆ."

"ಹೇಳ್ಬಿಟ್ರೆ ಹೇಳಿದ ಹಾಗೆ," ಎಂದೆ.

ಅವರು ಕುತ್ತಿಗೆಯ ಪೆನ್ನನ್ನು ತಿರುಗಿಸುತ್ತ ಕುಳಿತರು. ಆಮೇಲೆ, "ನಮ್ಮಜ್ಜಿಗೂ ಹೀಗೇ ಆಗಿತ್ತು," ಎಂದರು. "ನಾವು ಅವರನ್ನ ತಿದ್ದುತ್ತಾ ಇದ್ವಿ. ಹಾಗಲ್ಲ ಅಜ್ಜಿ, ಮೊದ್ಲು ಇದು, ಆಮೇಲೆ ಅದು ಅಂತ. ಕೊನೆಗೆ ಅವರು ಮಾತಾಡೋದನ್ನೇ ನಿಲ್ಲಿಸ್ಬಿಟ್ರು."

ಇಬ್ಬರೂ ಅಂಬುಜಕ್ಕನ ಮನೆಗೆ ಹೋದೆವು. ಅವರ ತಂಗಿ ಬಾಗಿಲು ತೆಗೆದರು. ಅಂಬುಜಕ್ಕ ಮಹಡಿಯ ಮೇಲೆ ಹೊಲಿಗೆ ಮೆಷಿನ್ನಿನ ಮುಂದೆ ಕುಳಿತಿದ್ದರು, ನನ್ನ ಕಡೆ ನೋಡಲಿಲ್ಲ. ಕೀರ್ತಿರಾಜರು ನೆಲದ ಮೇಲೆ ಕುಳಿತು, "ಅಮ್ಮ, ಆ ಏಳು ಹೆರಿಗೆ ಯಾವ ಸಾಲಲ್ಲಿ ಆದ್ವು ಅಂತ ಆ ಸೂಲಗಿತ್ತಿಗೆ ಮಾತ್ರ ಗೊತ್ತು. ನಾಟಕ ಬರೆದವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಿಮಗೆ ಹೇಗೆ ಬರುತ್ತೋ ಹಾಗೆ ಹೇಳಿ. ನಾವು ಹಿಂದೆ ಬರ್ತೀವಿ," ಎಂದರು.

"ನೀನು ಹಿಂದೆ ಬರ್ತೀಯಪ್ಪ. ಬೆಳಕು ಮುಂದೆ ಬರ್ಬೇಕಲ್ಲ," ಎಂದರು ಅಂಬುಜಕ್ಕ. ಹಾಗೆಂದು ಆಗ ನನ್ನ ಕಡೆ ನೋಡಿದರು. "ಅವಳು ಹೂಂ ಅಂದ್ರೆ ಬರ್ತೀನಿ."

ಹೂಂ ಅಂದೆ. ಅವರ ಕೋಪ ಪೂರ್ತಿ ಹೋಗಿರಲಿಲ್ಲ. ಹೋಗಬೇಕೆಂದು ನಾನೂ ಕೇಳಲಿಲ್ಲ.

ಪ್ರದರ್ಶನಕ್ಕೆ ಹನ್ನೊಂದು ದಿನವಿತ್ತು. ದಿನಾ ಮಧ್ಯಾಹ್ನ ಅವರು ರಂಗದ ಮೇಲೆ, ನಾನು ಬೋರ್ಡಿನ ಹಿಂದೆ. ಅವರು ಹೇಳುತ್ತಿದ್ದರು, ನಾನು ಒತ್ತದೆ ಕೇಳುತ್ತಿದ್ದೆ. ಎಲ್ಲಿ ಹಳಿ ತಪ್ಪಿತೋ ಅಲ್ಲಿ ಒಂದು ಗುರುತು ಹಾಕಿ ಹಿಂದಿನ ಮಾತೇನಿತ್ತೆಂದು ಬರೆದುಕೊಳ್ಳುತ್ತಿದ್ದೆ. ಐದನೆಯ ದಿನ ಹೊಳೆಯಿತು. ಒಂದು ಹೆರಿಗೆಯ ಕಥೆಯ ಕೊನೆಗೆ ಬರುವಾಗ ಅವರು ನಾಟಕದಲ್ಲಿಲ್ಲದ ಒಂದು ಮಾತು ಸೇರಿಸುತ್ತಿದ್ದರು. ಅವರಿಗೇ ಅರಿವಿಲ್ಲದೆ, ಮುಂದೆ ಹೋಗಲಿರುವ ಕಥೆಯ ತಾಯಿಯ ಹೆಸರು ತಂದುಬಿಡುತ್ತಿದ್ದರು. "ದ್ಯಾಮವ್ವನ ಹಾಗೆ ಇವಳೂ ಕೂಗ್ಲಿಲ್ಲ" ಎಂದರೆ ಅರ್ಧ ನಿಮಿಷದಲ್ಲಿ ದ್ಯಾಮವ್ವ ಹೆತ್ತ ಕೆರೆಯ ಮೆಟ್ಟಿಲಿಗೆ ಹೊರಟರೆಂದೇ. "ಹುಸೇನ್‌ಬಿ ಇದ್ದಿದ್ರೆ ನಗ್ತಿದ್ಲು" ಎಂದರೆ ಸಂತೆಕಟ್ಟೆ. ಮನಸ್ಸು ತಾನು ಹೋಗುವ ಮನೆಗೆ ಮೊದಲೇ ಹೇಳಿ ಕಳಿಸುತ್ತಿತ್ತು. ನಾನು ಕಾಗದದ ಟೇಪು ಹರಿದು ಗುಂಡಿಗಳ ಮೇಲೆ ಅಂಟಿಸಿ, ಕ್ಯೂ ನಂಬರಿನ ಬದಲು ಹೆಸರು ಬರೆದೆ. ದ್ಯಾಮವ್ವ, ಹುಸೇನ್‌ಬಿ, ಸಣ್ಣೀರಿ, ಚೆನ್ನಾಜಿ, ಮರಿಯಮ್ಮ, ತೋಪಮ್ಮ, ಗಿರಿಜೆ. ಗಿರಿಜೆ ಕೊನೆಯವಳು, ಒಲೆಯ ಮುಂದೆ ಹೆತ್ತವಳು. ಕೋರ್ಟಿಗೆ ಬೇಕಾದದ್ದು ಅವಳ ಮಗು.

ಅಂಬುಜಕ್ಕನಿಗೆ ಇದನ್ನು ಹೇಳಲಿಲ್ಲ. ಹೇಳಿದರೆ ಅವರು ಹೆಸರಿನ ಮೇಲೆ ಗಮನವಿಟ್ಟು ಅದೂ ಕೆಡಬಹುದೆಂದು ಹೆದರಿದೆ. ಒಂದು ದಿನ ಅವರೇ ಬೋರ್ಡಿನ ಹತ್ತಿರ ಬಂದು ಟೇಪಿನ ಮೇಲಿನ ಹೆಸರುಗಳನ್ನು ಓದಿದರು. ಒಂದೊಂದರ ಮೇಲೂ ಬೆರಳಿಟ್ಟರು. "ಎಲ್ರೂ ಇದಾರೆ," ಎಂದು ಮಾತ್ರ ಹೇಳಿ ಹೋದರು.

ಪ್ರದರ್ಶನ ಮೂರು ದಿನ, ಸಂಜೆ ನಾಲ್ಕಕ್ಕೆ. ಮೊದಲ ದಿನ ಕೂರಲು ಜಾಗವಿರಲಿಲ್ಲ. ಕೋರ್ಟಿನ ಮಾತಿನಲ್ಲೇ ಹುಸೇನ್‌ಬಿಯ ಹೆಸರು ತಂದು ಅಂಬುಜಕ್ಕ ಸಂತೆಕಟ್ಟೆಯಿಂದ ಶುರುಮಾಡಿದರು. ಆಮೇಲೆ ಹೊಸಿಲು. ನನ್ನ ಬೆರಳು ಹೆಸರಿಂದ ಹೆಸರಿಗೆ ಹೋಗುತ್ತಿತ್ತು, ಬೆಳಕು ಅವರು ಕಾಲಿಡುವ ಹೊತ್ತಿಗೆ ಅಲ್ಲಿರುತ್ತಿತ್ತು. ಮೂರನೆಯದಕ್ಕೇ ಅವರು "ಗಿರಿಜೆಯಷ್ಟು ಗಟ್ಟಿ ಜೀವ ನಾ ನೋಡಿಲ್ಲ" ಎಂದುಬಿಟ್ಟರು. ಪಕ್ಕದಲ್ಲಿದ್ದ ಕೀರ್ತಿರಾಜರು ತಲೆ ಹಿಡಿದುಕೊಂಡರು. ನಾನು ಗಿರಿಜೆಯನ್ನು ಒತ್ತಿದೆ. ಸತ್ಯ ಅಲ್ಲೇ, ನಾಟಕದ ನಡುವಿನಲ್ಲೇ ಹೊರಬಿತ್ತು, ಮಗು ಯಾರದೆಂದು ಊರಿಗೆಲ್ಲ ಗೊತ್ತಾಯಿತು. ಇನ್ನೂ ನಾಲ್ಕು ಹೆರಿಗೆ ಬಾಕಿ. ಯಾರೂ ಏಳಲಿಲ್ಲ. ಮಗು ಯಾರದೆಂಬ ಕುತೂಹಲ ತೀರಿದ ಮೇಲೆ ಜನ ಉಳಿದ ತಾಯಂದಿರನ್ನು ಕೇಳಲು ಕುಳಿತರು, ಅಷ್ಟೇ. ನನ್ನ ಮುಂದಿನ ಸಾಲಿನ ಹೆಂಗಸೊಬ್ಬಳು ಪ್ರತಿ ಮಗು ಅತ್ತಾಗಲೂ ಸೆರಗಿನಿಂದ ಮೂಗು ಒರೆಸುತ್ತಿದ್ದಳು.

ಆರನೆಯದು ಮುಗಿಯಿತು. ಉಳಿದದ್ದು ದ್ಯಾಮವ್ವ ಒಬ್ಬಳೇ. ಅಂಬುಜಕ್ಕ ಗಾಡಿಯ ಪಕ್ಕ ನಿಂತರು. ಹೆಸರು ಬರಲಿಲ್ಲ. ಯಾವ ಮಾತೂ ಬರಲಿಲ್ಲ. ಮುಖದಲ್ಲಿ ಸೂಲಗಿತ್ತಿ ಮೆಲ್ಲಗೆ ಕರಗಿ, ಎಲ್ಲಿದ್ದೇನೆಂದು ತಿಳಿಯದ ಒಬ್ಬ ಮುದುಕಿ ಉಳಿದದ್ದನ್ನು ನಾನು ಕಂಡೆ. ಜನ ಇದೂ ನಾಟಕವೇ ಎಂದುಕೊಂಡು ಕಾದರು. ಎಷ್ಟು ಹೊತ್ತು ಕಾದಾರು?

ನಾನು ಅವರು ಹೇಳದ ಹೆಸರನ್ನು ಒತ್ತಿದೆ. ಇಪ್ಪತ್ತೆರಡು ವರ್ಷದಲ್ಲಿ ನಟರನ್ನು ಕರೆದೊಯ್ಯಲೆಂದು ನಾನು ಬೆಳಕು ಕಳಿಸಿದ್ದು ಅದೊಂದೇ ಸಲ. ಒತ್ತಿ, ಗಾಡಿಯ ಬೆಳಕನ್ನು ಇಳಿಸಿದೆ. ಇನ್ನು ಹನ್ನೆರಡು. ಕೀರ್ತಿರಾಜರು ನನ್ನ ಕುರ್ಚಿಯ ತೋಳು ಹಿಡಿದಿದ್ದರು. ಅಂಬುಜಕ್ಕ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು, ಬಿಚ್ಚುತ್ತಿದ್ದರು. ಎಂಟು, ಒಂಬತ್ತು. ಸಭೆಯಲ್ಲಿ ಯಾರೋ ಕೆಮ್ಮಿದರು. ಕೆರೆಯ ಮೆಟ್ಟಿಲ ಮೇಲೆ ಬೆಳಕು ಬಿತ್ತು.

ಅವರು ಅದನ್ನು ನೋಡಿದರು. ಯಾರೋ ಕರೆದಂತೆ ತಲೆ ಓರೆ ಮಾಡಿದರು. ನಿಧಾನವಾಗಿ ನಡೆದು ಹೋಗಿ ಮೆಟ್ಟಿಲ ಮೇಲೆ ಕುಳಿತು, ಆ ಬೆಳಕನ್ನು ಅಂಗೈಯಿಂದ ಸವರಿ, ನಾಟಕದಲ್ಲಿ ಇಲ್ಲದ ಮಾತು ಹೇಳಿದರು: "ಬಂದ್ಯಾ ನನ್ನವ್ವ? ಎಷ್ಟೊತ್ತಿಂದ ಕೂತಿದ್ದೀಯ ಒಬ್ಳೇ? ತಡ್ಕೋ, ನಾ ಬಂದೆ. ನಾ ಇದ್ದೀನಲ್ಲ." ಆಮೇಲೆ ಬಗ್ಗಿ, ಮಂದಾಕಿನಿ ಬರುವುದನ್ನೂ ಕಾಯದೆ, ಯಾರಿಗೂ ಕಾಣದ ದ್ಯಾಮವ್ವನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡು, ಅಲ್ಲಿಂದ ಒಂದು ಅಕ್ಷರ ತಪ್ಪದೆ ಕೊನೆಯವರೆಗೂ ಹೇಳಿದರು.

ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾಗ ನಾನು ಬೋರ್ಡಿನ ಮೇಲೆ ತಲೆಯಿಟ್ಟುಕೊಂಡಿದ್ದೆ. ಎಲ್ಲರೂ ಹೋದ ಮೇಲೆ ಅಂಬುಜಕ್ಕ ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟರು.

"ಕೊನೇದು ನಾ ಹೋಗ್ಲಿಲ್ಲ. ನೀ ಕರ್ಕೊಂಡು ಹೋದೆ," ಎಂದರು. "ಅಲ್ವ?"

"ಹೌದಕ್ಕ."

"ಸಾಕು ಕಣೆ ನಂಗೆ. ನಾಳೆಯಿಂದ ಮಂದಾಕಿನಿ ಮಾಡ್ಲಿ. ನಾನೇ ಹೇಳ್ತೀನಿ ಅವಳಿಗೆ, ಕದ್ದಿದ್ದಲ್ಲ, ಕೊಟ್ಟಿದ್ದು ಅಂತ." ಅವರ ದನಿಯಲ್ಲಿ ದುಃಖವಿತ್ತು, ಆದರೆ ನಡುಕವಿರಲಿಲ್ಲ. ಆವತ್ತೇ ಮನೆಗೆ ಹೋಗಿ ತಂಗಿಯನ್ನು ಕೂರಿಸಿಕೊಂಡು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದರಂತೆ. ತಂಗಿ, "ಬೇಳೆ ತೊಳಿಯೋದು ನೋಡಿದ ದಿನವೇ ಗೊತ್ತಾಯ್ತು, ನೀನು ಹೇಳ್ಲಿ ಅಂತ ಕಾಯ್ತಿದ್ದೆ" ಎಂದರಂತೆ.

ಎರಡನೆಯ ದಿನ ಅಂಬುಜಕ್ಕ ನೋಡಲು ಬಂದು, ಸಭೆಯಲ್ಲಿ ಕೂರದೆ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತರು. ಮಂದಾಕಿನಿಯದು ಪುಸ್ತಕದಲ್ಲಿದ್ದ ಸಾಲೇ, ಹಾಗಾಗಿ ಪಟ್ಟಿ ಮತ್ತೆ ಹಾಕಿದ್ದೆ. ಆದರೆ ಅವಳೂ ಆವತ್ತು ಅಂಬುಜಕ್ಕನ ಎದುರು ಅಳುಕಿ, ಒಂದು ಕಡೆ ನಿಂತು ಉಸಿರು ತೆಗೆದುಕೊಂಡಳು, ಒಂದು ಕಡೆ ಬೇಗ ಹೊರಟಳು. ನಾನು ಕೈಯೆತ್ತುವ ಮೊದಲೇ ಅಂಬುಜಕ್ಕನ ಬೆರಳು ನನ್ನ ಮಣಿಕಟ್ಟನ್ನು ತಟ್ಟಿತು. ಒತ್ತಿದೆ. ಹನ್ನೆರಡು ಎಣಿಸುವಷ್ಟರಲ್ಲಿ ಮಂದಾಕಿನಿ ಕೊಟ್ಟಿಗೆಯಲ್ಲಿದ್ದಳು, ಬೆಳಕೂ ಅಲ್ಲಿತ್ತು. ಮತ್ತೆ ತಟ್ಟಿದರು, ಮತ್ತೆ ಸರಿಯಾಯಿತು. ಯಾವ ಕಥೆಯ ಹಿಂದೆ ಯಾವ ಕಥೆ ಎಂದು ಕೇಳಿದ್ದರೆ ಅವರಿಗೆ ಹೇಳಲಾಗುತ್ತಿರಲಿಲ್ಲ. ಆದರೆ ರಂಗದ ಮೇಲೆ ನಿಂತ ಹೆಂಗಸು ಮುಂದಿನ ಗಳಿಗೆಯಲ್ಲಿ ಎತ್ತ ತಿರುಗುತ್ತಾಳೆಂಬುದು ಅವರ ಮೈಗೇ ಗೊತ್ತಿತ್ತು. ಆ ಎರಡು ದಿನಗಳಲ್ಲಿ ಒಂದೇ ಸಲ ತಪ್ಪಿದರು, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಮೂರನೆಯ ದಿನ ಪ್ರದರ್ಶನ ಮುಗಿದು, ದೀಪಗಳಿಗೆ ಬಟ್ಟೆ ಮುಚ್ಚಿ, ಕೀರ್ತಿರಾಜರು ಬಸ್ಸಿಗೆ ಹೊರಟು ಎಲ್ಲರ ಕೈಹಿಡಿದು ಮಾತಾಡಿಯಾದ ಮೇಲೆ, ಅಂಬುಜಕ್ಕ ಚಪ್ಪಲಿ ಹುಡುಕುತ್ತ ನನ್ನನ್ನು ಕೇಳಿದರು, "ನಾಳೆ ಎಷ್ಟು ಗಂಟೆಗೆ ಬರ್ಲಿ?"

ನಾಳೆ ಏನೂ ಇರಲಿಲ್ಲ. ಮಂದಾಕಿನಿ ನನ್ನ ಮುಖ ನೋಡಿದಳು.

"ನಾಲ್ಕಕ್ಕೆ ಬನ್ನಿ ಅಕ್ಕ," ಎಂದೆ.

ಮಾರನೆಯ ದಿನ ನಾಲ್ಕಕ್ಕೆ ಐದು ನಿಮಿಷವಿರುವಾಗ ಅವರು ಇಸ್ತ್ರಿ ಮಾಡಿದ ಸೀರೆಯುಟ್ಟು ರಂಗಮಂದಿರದ ಮೆಟ್ಟಿಲ ಮೇಲೆ ನಿಂತಿದ್ದರು. ನಾನು ಬೀಗ ತೆಗೆದೆ. ಒಳಗೆ ಹೋಗಿ ಅವರು ತಮ್ಮ ಕುರ್ಚಿಯಲ್ಲಿ ಕುಳಿತರು, ನಾನು ದೀಪಗಳ ಮೇಲಿನ ಬಟ್ಟೆ ತೆಗೆದು ಕನ್ಸೋಲ್ ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಮಂದಾಕಿನಿ ಬಂದಳು, ನಾನು ಕರೆದಿರಲಿಲ್ಲ. ಏನೂ ಕೇಳದೆ ಚಪ್ಪಲಿ ಬಿಟ್ಟು ರಂಗದ ಮೇಲೆ ಹತ್ತಿದಳು.

"ಇವತ್ತು ಯಾವ ನಾಟಕ?" ಎಂದು ಅಂಬುಜಕ್ಕ ಪಿಸುಗುಟ್ಟಿದರು.

"ಹೊಸದು ಅಕ್ಕ. ನಂಗೂ ಗೊತ್ತಿಲ್ಲ. ನೋಡೋಣ."

ಅವರು ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದರು. ಮಂದಾಕಿನಿ ಕತ್ತಲಲ್ಲಿ ಎಲ್ಲೋ ನಿಂತಿದ್ದಳು, ಎತ್ತ ಹೋಗುವುದೆಂದು ಅವಳಿಗೂ ತಿಳಿದಿರಲಿಲ್ಲ. ನನ್ನ ಮಣಿಕಟ್ಟಿನ ಮೇಲೆ ಬೆರಳೊಂದು ಬಂದು ಕುಳಿತು, ಕಾಯುತ್ತಿತ್ತು.